ಲಾರಿ ಹುಡುಕುವ ಮುಂಚೆ ದಾರಿ ಅಳೆಯಿರಿ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಈ ಸಲ ದೊಡ್ಡ ಗಾತ್ರದ ಕಬ್ಬಿಣದ ಸಾಮಾನುಗಳ ಸಾಗಣೆ

ಪ್ರಶ್ನೆ: ಸರ್, ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್ ಇದೆ. ಇಷ್ಟು ದಿನ ಮಾಮೂಲಿ ಲಾರಿಯಲ್ಲಿ ಹಿಡಿಸುವ ಟ್ಯಾಂಕುಗಳನ್ನೇ ಮಾಡುತ್ತಿದ್ದೆವು. ಈಗ ಮಂಗಳೂರು ಬೈಕಂಪಾಡಿಯ ಕಾರ್ಖಾನೆಯೊಂದಕ್ಕೆ ಪ್ರೆಶರ್ ವೆಸೆಲ್ (ಒಳಗಿನ ಒತ್ತಡ ತಡೆಯುವ ಮುಚ್ಚಿದ ಟ್ಯಾಂಕ್) ಮಾಡಿಕೊಡುವ ಆರ್ಡರ್ ಸಿಕ್ಕಿದೆ. ವ್ಯಾಸ 3.6 ಮೀಟರ್, ಉದ್ದ 14 ಮೀಟರ್, ತೂಕ 32 ಟನ್. ಟ್ರಾನ್ಸ್‌ಪೋರ್ಟ್‌ನವರನ್ನು ಕೇಳಿದರೆ ಒಬ್ಬರು ಮೂರು ದಿನ ಸಾಕು ಅಂತಾರೆ, ಇನ್ನೊಬ್ಬರು ಮೂರು ವಾರ ಅಂತಾರೆ. ರೇಟಿನಲ್ಲೂ ಅಷ್ಟೇ ವ್ಯತ್ಯಾಸ. ಯಾರನ್ನು ನಂಬೋದು?

ಉತ್ತರ: ಮೊದಲು ನನಗೆ ಒಂದು ವಿಷಯ ಹೇಳಿ. ಡ್ರಾಯಿಂಗ್ ಇನ್ನೂ ಫೈನಲ್ ಆಗಿಲ್ಲ, ಪ್ಲೇಟ್ ಕತ್ತರಿಸಿಲ್ಲ ತಾನೆ? ಹಾಗಿದ್ದರೆ ನೀವು ಸರಿಯಾದ ಹೊತ್ತಿಗೆ ಕೇಳಿದ್ದೀರಿ. ಇಂಥ ಸಾಮಾನಿನ ಪ್ರಯಾಣ ಹೇಗಿರುತ್ತದೆ ಅನ್ನೋದು ಡ್ರಾಯಿಂಗ್ ಟೇಬಲ್ ಮೇಲೇ ತೀರ್ಮಾನ ಆಗಿಬಿಡುತ್ತದೆ. ವೆಸೆಲ್ ಪೂರ್ತಿ ತಯಾರಾಗಿ, ಪೇಂಟ್ ಒಣಗಿದ ಮೇಲೆ ಲಾರಿಯವರಿಗೆ ಫೋನ್ ಮಾಡಿದರೆ ನಿಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಎತ್ತರದ ಲೆಕ್ಕ ನೋಡಿ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮಾಮೂಲಿ ಸರಕು ಲಾರಿ 2.6 ಮೀಟರ್ ಅಗಲ, 4 ಮೀಟರ್ ಎತ್ತರ ಮೀರುವಂತಿಲ್ಲ. ನಿಮ್ಮ ವೆಸೆಲ್‌ನ ವ್ಯಾಸವೇ 3.6. ಅಂದರೆ ಅಗಲದಲ್ಲಿ ಆಗಲೇ ಒಂದು ಮೀಟರ್ ಜಾಸ್ತಿ. ಎತ್ತರಕ್ಕೆ ವ್ಯಾಸದ ಜೊತೆ ಸ್ಯಾಡಲ್ (ವೆಸೆಲ್ ಕೂರಿಸುವ ಆಸರೆ), ಮರದ ಪ್ಯಾಕಿಂಗ್, ಟ್ರೈಲರ್ ಬೆಡ್ ಎಲ್ಲ ಸೇರುತ್ತವೆ. ಹೈ-ಬೆಡ್ ಟ್ರೈಲರ್‌ನ ಹಲಗೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಮೇಲಿರುತ್ತದೆ. ಲೋ-ಬೆಡ್ ಆದರೆ ಒಂದು ಮೀಟರ್ ಒಳಗೆ. ಸ್ಯಾಡಲ್‌ಗೆ ಇಪ್ಪತ್ತು ಸೆಂಟಿಮೀಟರ್ ಹಿಡಿದರೂ ಲೋ-ಬೆಡ್‌ನಲ್ಲಿ ಒಟ್ಟು ಎತ್ತರ ಹತ್ತಿರಹತ್ತಿರ 4.7 ಮೀಟರ್ ಆಗುತ್ತದೆ. ಹೈ-ಬೆಡ್‌ನಲ್ಲಿ 5.3.

ಈಗ ವೆಸೆಲ್‌ನ ತಲೆ ಮೇಲಿರುವ ನಾಜಲ್ (ಪೈಪ್ ಜೋಡಿಸುವ ಮೂತಿ) ನೋಡಿ. ಮೂವತ್ತು ಸೆಂಟಿಮೀಟರ್ ಎದ್ದು ನಿಂತಿರುತ್ತದೆ ಅಲ್ವಾ? ಅದೊಂದೇ ಸಾಕು ಕೆಲಸ ಕೆಡಿಸಲು. ರಾಷ್ಟ್ರೀಯ ಹೆದ್ದಾರಿಯ ಹೊಸ ಮೇಲ್ಸೇತುವೆಗಳ ಕೆಳಗೆ 5.5 ಮೀಟರ್ ಜಾಗ ಬಿಡಬೇಕು ಅಂತ ಲೆಕ್ಕ. ಹೈ-ಬೆಡ್ ಮೇಲೆ ನಾಜಲ್ ಸಮೇತ 5.6 ಆದರೆ ಅಲ್ಲಿಗೆ ಮುಗಿಯಿತು. ವಿದ್ಯುತ್ ರೈಲು ಓಡುವ ಲೆವೆಲ್ ಕ್ರಾಸಿಂಗ್ ಆದರೆ ಇನ್ನೂ ಕಷ್ಟ. ಅಲ್ಲಿ ಎರಡೂ ಬದಿ ನಿಲ್ಲಿಸಿರುವ ಕಬ್ಬಿಣದ ಕಮಾನಿನ ಎತ್ತರ 4.67 ಮೀಟರ್. ಲೋ-ಬೆಡ್ ಕೂಡ ಹಾಗೇ ದಾಟುವುದಿಲ್ಲ, ರೈಲ್ವೆಯವರ ಅನುಮತಿ ಬೇರೆ ತೆಗೆದುಕೊಳ್ಳಬೇಕು.

ಆದ್ದರಿಂದ ಡಿಸೈನ್ ಎಂಜಿನಿಯರ್ ಹತ್ತಿರ ಕೂತು ಮಾತಾಡಿ. ಸಾಗಣೆಗೆ ಅಂತಲೇ ಬೇರೆ ಸ್ಯಾಡಲ್ ಮಾಡಿ, ವೆಸೆಲ್ ಅನ್ನು ಒಂದಿಷ್ಟು ತಿರುಗಿಸಿ ಮಲಗಿಸಿದರೆ ನಾಜಲ್ ಓರೆಯಾಗುತ್ತದೆ, ಎತ್ತರ ಇಳಿಯುತ್ತದೆ. ಓರೆ ಮಾಡುವಾಗ ಅಗಲ ಬೆಳೆಯದಂತೆ ನೋಡಿಕೊಳ್ಳಿ. ಏಣಿ, ಪ್ಲಾಟ್‌ಫಾರ್ಮ್, ಪೈಪ್ ಸಪೋರ್ಟ್‌ಗಳನ್ನೆಲ್ಲ ಬೋಲ್ಟ್ ಹಾಕುವ ಹಾಗೆ ಮಾಡಿ ಬೇರೆ ಲಾರಿಯಲ್ಲಿ ಕಳಿಸಿ. ಈ ಬದಲಾವಣೆ ಈಗ ಮಾಡಿದರೆ ಹೋಗುವುದು ಒಂದಿಷ್ಟು ಸ್ಟೀಲ್ ಮಾತ್ರ. ಹೀಟ್ ಟ್ರೀಟ್‌ಮೆಂಟ್, ಹೈಡ್ರೋ ಟೆಸ್ಟ್ (ನೀರು ತುಂಬಿ ಮಾಡುವ ಒತ್ತಡದ ಪರೀಕ್ಷೆ) ಎಲ್ಲ ಮುಗಿದ ಮೇಲೆ ವೆಸೆಲ್ ಮೈಗೆ ವೆಲ್ಡಿಂಗ್ ಮುಟ್ಟಿಸಲು ಇನ್‌ಸ್ಪೆಕ್ಟರ್ ಒಪ್ಪುವುದಿಲ್ಲ.

ತೂಕದಲ್ಲಿ ನೀವು ಗಡಿ ಮೇಲೆ ಇದ್ದೀರಿ. 2018ರಲ್ಲಿ ಆಕ್ಸಲ್ ತೂಕದ ಮಿತಿ ಏರಿಸಿದ ಮೇಲೆ ಟ್ರೈಲರ್ ಗಾಡಿಗೆ ಒಟ್ಟು 55 ಟನ್ ತನಕ ಅವಕಾಶ ಇದೆ. 32 ಟನ್ ಲೋಡ್, ಜೊತೆಗೆ ಎಳೆಯುವ ಗಾಡಿ ಮತ್ತು ಲೋ-ಬೆಡ್‌ನ ಸ್ವಂತ ತೂಕ ಸೇರಿದರೆ ಹೆಚ್ಚುಕಡಿಮೆ ಅಲ್ಲಿಗೇ ಬರುತ್ತದೆ. ಡ್ರಾಯಿಂಗ್‌ನಲ್ಲಿ ಬರೆದ ತೂಕ ನಂಬಬೇಡಿ. ವೇಬ್ರಿಡ್ಜ್ ಮೇಲೆ ಹತ್ತಿಸಿ ಚೀಟಿ ತೆಗೆದುಕೊಳ್ಳಿ. ಮಿತಿ ಮೀರಿದರೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ 2,000 ರೂಪಾಯಿ.

ಇನ್ನು ದಾರಿ. ರೂಟ್ ಸರ್ವೇ ಮಾಡದೆ ರೇಟ್ ಹೇಳಿದವರಿಗೆ ಕೆಲಸ ಕೊಡಬೇಡಿ. ಇದು ನನ್ನ ಖಡಾಖಂಡಿತ ಅಭಿಪ್ರಾಯ. ಸರ್ವೇ ಅಂದರೆ ಫೋನಿನಲ್ಲಿ ಮ್ಯಾಪ್ ನೋಡುವುದಲ್ಲ. ಚಿಕ್ಕ ಗಾಡಿಯಲ್ಲಿ, ಅಳತೆ ಗುರುತು ಹಾಕಿದ ಉದ್ದನೆಯ ಕೋಲು ಮತ್ತು ಟೇಪ್ ಹಿಡಿದು, ನಿಮ್ಮ ಶೆಡ್ಡಿನ ಬಾಗಿಲಿನಿಂದ ಬೈಕಂಪಾಡಿಯ ಫೌಂಡೇಶನ್ ತನಕ ಹೋಗಬೇಕು. ಸೇತುವೆ ಮೇಲಿನ ಬೋರ್ಡ್‌ನಲ್ಲಿ ಬರೆದ ಎತ್ತರ ಓದಿ ಬಂದರೆ ಸಾಲದು. ಬೋರ್ಡ್ ಹಾಕಿದ ಮೇಲೆ ಕೆಳಗಿನ ರಸ್ತೆಗೆ ಎಷ್ಟು ಸಲ ಡಾಂಬರು ಬಿದ್ದಿದೆಯೋ! ಪ್ರತಿ ಪದರಕ್ಕೂ ಎತ್ತರ ಕಮ್ಮಿ ಆಗುತ್ತಾ ಬರುತ್ತದೆ. ರಸ್ತೆ ಒಂದು ಬದಿಗೆ ವಾಲಿದ ಕಡೆ ಲೋಡಿನ ತಲೆಯೂ ವಾಲುತ್ತದೆ, ಪಕ್ಕದ ಮರದ ಕೊಂಬೆಗೆ ತಾಗುತ್ತದೆ. ಅದನ್ನೂ ಬರೆದುಕೊಳ್ಳಬೇಕು.

ಎಲ್ಲಕ್ಕಿಂತ ಕಷ್ಟದ ದಾರಿ ಸಾಮಾನ್ಯವಾಗಿ ಮೊದಲ ಎರಡು ಕಿಲೋಮೀಟರ್. ಪೀಣ್ಯದ ಒಳರಸ್ತೆಗಳು ನಿಮಗೇ ಗೊತ್ತು. ಮೂಲೆಗೊಂದು ಕರೆಂಟ್ ಕಂಬ, ಎರಡೂ ಬದಿ ನಿಂತ ಲಾರಿಗಳು, ಕೈಗೆ ಸಿಗುವಷ್ಟು ಕೆಳಗೆ ಜೋತುಬಿದ್ದ ಕೇಬಲ್‌ಗಳು. ತುಮಕೂರು ರಸ್ತೆ ಮುಟ್ಟಿದರೆ ಅರ್ಧ ಗೆದ್ದಂತೆ. ಆಮೇಲೆ ನೆಲಮಂಗಲ, ಕುಣಿಗಲ್, ಹಾಸನ ತನಕ ದಾರಿ ಸಲೀಸು. ಟೋಲ್‌ನಲ್ಲಿ ಮಾತ್ರ ಕೊನೆಯ ಅಗಲದ ಲೇನ್ ಹಿಡಿಯಬೇಕು. ಮಾಮೂಲಿ ಲೇನ್ 3.2 ಮೀಟರ್, ನಿಮ್ಮ ವೆಸೆಲ್ ಸಿಕ್ಕಿಹಾಕಿಕೊಳ್ಳುತ್ತದೆ. ದೊಡ್ಡ ಗಾಡಿಗೆ ಅಂತ ಬಿಟ್ಟಿರುವ ಲೇನ್ 4.5 ಮೀಟರ್ ಇರುತ್ತದೆ.

ಸಕಲೇಶಪುರ ದಾಟಿದ ಮೇಲೆ ಶಿರಾಡಿ ಘಾಟಿ. ಇಲ್ಲಿ ಕಾಲ ಮುಖ್ಯ. ಮಳೆಗಾಲದಲ್ಲಿ ದೋಣಿಗಲ್, ದೊಡ್ಡತಪ್ಪಲೆ ಕಡೆ ಗುಡ್ಡ ಕುಸಿದು ರಸ್ತೆ ಬಂದ್ ಆಗುವುದು, ಭಾರಿ ವಾಹನ ತಡೆಯುವುದು ನಿಮಗೆ ಗೊತ್ತೇ ಇದೆ. ಚಾರ್ಮಾಡಿ, ಆಗುಂಬೆ ಇಂಥ ಲೋಡಿಗೆ ಲೆಕ್ಕಕ್ಕಿಲ್ಲ. ಆದ್ದರಿಂದ ಡೆಲಿವರಿ ದಿನಾಂಕ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳದಂತೆ ಈಗಲೇ ಗ್ರಾಹಕರ ಜೊತೆ ಮಾತಾಡಿ. ತಿರುವಿನಲ್ಲಿ ಟ್ರೈಲರ್‌ನ ಬಾಲ ಎದುರು ಲೇನಿಗೆ ಬರುತ್ತದೆ. ಹಾಗಾಗಿ ಮುಂದೊಂದು, ಹಿಂದೊಂದು ಪೈಲಟ್ ಗಾಡಿ ಬೇಕೇ ಬೇಕು. ಲೋ-ಬೆಡ್‌ಗೆ ಇನ್ನೊಂದು ತೊಂದರೆ ಇದೆ. ಬೆಡ್ ತಗ್ಗಾದಷ್ಟೂ ಎತ್ತರದ ಕಷ್ಟ ಕಮ್ಮಿ, ಆದರೆ ಹೊಟ್ಟೆ ನೆಲಕ್ಕೆ ಹತ್ತಿರ. ಊರೊಳಗಿನ ದೊಡ್ಡ ಹಂಪ್‌ಗೆ ಹೊಟ್ಟೆ ತಗುಲಿ ನಿಂತರೆ ಮುಂದೂ ಹೋಗಲ್ಲ, ಹಿಂದೂ ಬರಲ್ಲ. ಸರ್ವೇಯಲ್ಲಿ ತಲೆ ಎತ್ತಿ ನೋಡಿದಷ್ಟೇ ತಲೆ ತಗ್ಗಿಸಿಯೂ ನೋಡಬೇಕು.

ಅನುಮತಿಗೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಆನ್‌ಲೈನ್ ವ್ಯವಸ್ಥೆ ಇದೆ. ಬಿಡಿಸಲಾಗದ ಒಂದೇ ವಸ್ತುವಿಗೆ ಮಾತ್ರ ಅನುಮತಿ ಸಿಗುತ್ತದೆ. ಜಾಗ ಇದೆ ಅಂತ ಪಕ್ಕಕ್ಕೆ ಇನ್ನೊಂದು ಸಣ್ಣ ಟ್ಯಾಂಕ್ ಇಟ್ಟು ಕಳಿಸಲು ಹೋಗಬೇಡಿ. ತಂತಿ ಎತ್ತುವ, ಕರೆಂಟ್ ತೆಗೆಯುವ ಕೆಲಸಕ್ಕೆ ಬೆಸ್ಕಾಂ, ಸೆಸ್ಕ್, ಮೆಸ್ಕಾಂ ಮೂರರ ಜೊತೆಗೂ ಮೊದಲೇ ಮಾತಾಡಿರಬೇಕು.

ಕೊನೆಗೆ ನಿಮ್ಮ ಮೂರು ದಿನ, ಮೂರು ವಾರದ ಪ್ರಶ್ನೆ. ಇ-ವೇ ಬಿಲ್ (ಸರಕು ಸಾಗಣೆಗೆ ಬೇಕಾದ ಜಿಎಸ್‌ಟಿ ಚೀಟಿ) ಮಾಡುವಾಗ ಗಾಡಿಯ ವಿಧ ಕೇಳುತ್ತದೆ. ಮಾಮೂಲಿ ಅಂತ ಒತ್ತಿದರೆ ಬಿಲ್‌ನ ಅವಧಿಗೆ ದಿನಕ್ಕೆ 200 ಕಿಲೋಮೀಟರ್ ಲೆಕ್ಕ. ನಿಮ್ಮ ಸುಮಾರು 350 ಕಿಲೋಮೀಟರ್ ದಾರಿಗೆ ಎರಡೇ ದಿನ ಸಿಗುತ್ತದೆ. ಓವರ್ ಡೈಮೆನ್ಷನಲ್ ಕಾರ್ಗೋ (ಮಿತಿ ಮೀರಿದ ಗಾತ್ರದ ಸರಕು) ಅಂತ ಒತ್ತಿದರೆ ದಿನಕ್ಕೆ 20 ಕಿಲೋಮೀಟರ್, ಹದಿನೆಂಟು ದಿನ. ಸರ್ಕಾರದ ಲೆಕ್ಕದಲ್ಲೇ ಇಂಥ ಲೋಡ್ ಅಷ್ಟು ನಿಧಾನ. ಮೂರು ವಾರ ಅಂದವರು ಈ ಕೆಲಸ ಮಾಡಿದವರು ಅನ್ನಿಸುತ್ತದೆ. ದಾರಿಯಲ್ಲಿ ತಡವಾದರೆ ಬಿಲ್ ಮುಗಿಯುವ ಎಂಟು ಗಂಟೆ ಹಿಂದೆ ಅಥವಾ ಮುಂದೆ ಅವಧಿ ವಿಸ್ತರಿಸಬಹುದು. ಮಹಾರಾಷ್ಟ್ರದಿಂದ ತಿರುವನಂತಪುರದ ವಿಕ್ರಮ್ ಸಾರಾಭಾಯ್ ಬಾಹ್ಯಾಕಾಶ ಕೇಂದ್ರಕ್ಕೆ 74 ಚಕ್ರದ ಗಾಡಿಯಲ್ಲಿ ಹೊರಟ ದೊಡ್ಡ ಆಟೋಕ್ಲೇವ್ (ಶಾಖ, ಒತ್ತಡ ಕೊಡುವ ಯಂತ್ರ) ಒಂದು 2019ರಲ್ಲಿ ಬಿಟ್ಟು 2020ರ ಜುಲೈನಲ್ಲಿ ತಲುಪಿತು. ಮಧ್ಯೆ ಲಾಕ್‌ಡೌನ್ ಬೇರೆ ಬಂದಿತ್ತು. ನಿಮ್ಮದು ಅಷ್ಟು ದೊಡ್ಡದಲ್ಲ, ಹೆದರಬೇಡಿ.

ಪ್ರಶ್ನೆ: ತೋರಣಗಲ್ಲಿನಲ್ಲಿ ಟ್ರೈಲರ್ ಇಟ್ಟುಕೊಂಡಿದ್ದೇನೆ. ಭಾರಿ ರೋಲರ್, ಶೆಲ್ ಸಾಗಿಸುವಾಗ ಮೇಲಿಂದ ಬೆಲ್ಟ್ ಹಾಕಿ ಬಿಗಿದರೆ ಸಾಕಾ, ಚೈನೇ ಬೇಕಾ? ಡ್ರೈವರ್‌ಗಳು ಇಷ್ಟು ತೂಕ ಎಲ್ಲಿಗೆ ಅಲ್ಲಾಡುತ್ತೆ ಅಣ್ಣಾ ಅಂತಾರೆ.

ಉತ್ತರ: ಆ ಮಾತೇ ಅಪಾಯ. ತೂಕ ಜಾಸ್ತಿ ಇದ್ದಷ್ಟೂ ಬ್ರೇಕ್ ಹಾಕಿದಾಗ ಮುಂದಕ್ಕೆ ನುಗ್ಗುವ ಬಲವೂ ಜಾಸ್ತಿ. ಯುರೋಪಿನ ಲ್ಯಾಶಿಂಗ್ (ಸರಕು ಬಿಗಿದು ಕಟ್ಟುವ) ಮಾನದಂಡದ ಪ್ರಕಾರ ತೂಕದ ಶೇ 80ರಷ್ಟನ್ನು ಮುಂದಕ್ಕೆ, ಶೇ 50ರಷ್ಟನ್ನು ಪಕ್ಕಕ್ಕೆ ಮತ್ತು ಹಿಂದಕ್ಕೆ ಹಿಡಿದು ನಿಲ್ಲಿಸಬೇಕು. 30 ಟನ್ ರೋಲರ್ ಆದರೆ ಮುಂದಕ್ಕೆ 24 ಟನ್ನಿನ ಹಿಡಿತ ಬೇಕು. ಲೋಡಿನ ಮುಂದಿರುವುದು ಡ್ರೈವರ್‌ನ ಬೆನ್ನು, ನೆನಪಿರಲಿ.

ಮೇಲಿಂದ ಅಡ್ಡ ಹಾಕಿದ ಬೆಲ್ಟ್ ಮಾಡುವುದು ಒಂದೇ ಕೆಲಸ. ಲೋಡನ್ನು ಕೆಳಕ್ಕೆ ಒತ್ತಿ ಉಜ್ಜುವಿಕೆ ಹೆಚ್ಚಿಸುತ್ತದೆ. ಬೆಲ್ಟ್ ಮೇಲಿನ ಚೀಟಿಯಲ್ಲಿ 5 ಟನ್ ಅಂತ ಬರೆದಿದ್ದರೆ ಅದು ಹರಿಯದೆ ತಡೆಯುವ ಶಕ್ತಿ. ಕೈಯಲ್ಲಿ ರಾಚೆಟ್ (ಬೆಲ್ಟ್ ಬಿಗಿಯುವ ಹಿಡಿ) ಎಳೆದು ಬಿಗಿದಾಗ ಬರುವ ಒತ್ತಡ ಅರ್ಧ ಟನ್ ದಾಟುವುದೂ ಕಷ್ಟ. ಹಾಗಾಗಿ ಭಾರಿ ಲೋಡಿಗೆ ಅದರ ಮೈಮೇಲಿನ ಲಗ್‌ನಿಂದ (ಕೊಕ್ಕೆ ಹಾಕುವ ಕಿವಿ) ಟ್ರೈಲರ್‌ನ ಚಾಸಿಸ್‌ಗೆ ನೇರವಾಗಿ, ನಾಲ್ಕೂ ಮೂಲೆಯಿಂದ ಓರೆಯಾಗಿ ಚೈನ್ ಎಳೆಯಬೇಕು. ಗ್ರೇಡ್ 80ರ 13 ಎಂಎಂ ಚೈನ್ ಒಂದೊಂದೂ ನೇರ ಎಳೆತಕ್ಕೆ 10 ಟನ್ ತಡೆಯುತ್ತದೆ. ಓರೆ ಹಾಕಿದಾಗ ಒಂದಿಷ್ಟು ಕಮ್ಮಿ ಅಂತ ಹಿಡಿಯಿರಿ.

ಕಬ್ಬಿಣದ ಮೇಲೆ ಕಬ್ಬಿಣ ಇಡಲೇಬೇಡಿ, ಅದರಲ್ಲೂ ಎಣ್ಣೆ ಪಸೆ ಇದ್ದರೆ. ಅಡಿಗೆ ರಬ್ಬರ್ ಮ್ಯಾಟ್ ಹಾಕಿದರೆ ಜಾರುವುದು ಎಷ್ಟೋ ಕಮ್ಮಿ ಆಗುತ್ತದೆ. ಈ ಒಂದು ಮ್ಯಾಟಿಗೆ ಜಾಸ್ತಿ ಖರ್ಚೂ ಇಲ್ಲ. ದುಂಡನೆ ಸಾಮಾನಿಗೆ ಎರಡೂ ಬದಿ ಮರದ ಬೆಣೆ ಕೊಟ್ಟು, ಬೆಣೆ ಬಿಚ್ಚಿಕೊಳ್ಳದಂತೆ ಹಲಗೆಗೆ ಹೊಡೆದಿರಬೇಕು. ಸ್ಟೇನ್‌ಲೆಸ್ ಸ್ಟೀಲ್ ವೆಸೆಲ್ ಆದರೆ ಮಾಮೂಲಿ ಚೈನ್ ಅದರ ಮೈಗೆ ತಾಗಬಾರದು. ಕಬ್ಬಿಣದ ಕಣ ಅಂಟಿ ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ಮಧ್ಯೆ ರಬ್ಬರ್ ಇಲ್ಲವೇ ದಪ್ಪ ಬಟ್ಟೆಯ ತೋಳು ಕೊಡಿ.

ಹೊರಟು ಇಪ್ಪತ್ತು ಮೂವತ್ತು ಕಿಲೋಮೀಟರ್ ಆದ ಮೇಲೆ ಗಾಡಿ ನಿಲ್ಲಿಸಿ ಎಲ್ಲ ಟರ್ನ್ ಬಕಲ್ (ಚೈನ್ ಬಿಗಿಯುವ ತಿರುಪು) ಮತ್ತೆ ಬಿಗಿಯಿರಿ. ಅಷ್ಟರಲ್ಲಿ ಮರದ ಪ್ಯಾಕಿಂಗ್ ಒತ್ತಿಕೊಂಡು ಚೈನ್ ಸಡಿಲ ಆಗಿರುತ್ತದೆ. ಇದನ್ನು ಡ್ರೈವರ್ ಇಷ್ಟಕ್ಕೆ ಬಿಡಬೇಡಿ, ಫೋನಿನಲ್ಲಿ ಫೋಟೋ ತರಿಸಿಕೊಳ್ಳಿ.

ಪ್ರಶ್ನೆ: ಹಿಂದೆ ಹೊರಚಾಚಿದ ಕಂಬಿಗೆ ಕೆಂಪು ಬಟ್ಟೆ ಕಟ್ಟಿದರೆ ನಡೆಯುತ್ತೆ ಅಂತ ಹುಬ್ಬಳ್ಳಿಯ ನಮ್ಮ ಅಂಗಡಿಗೆ ಬರುವ ಲಾರಿಯವರು ಹೇಳುತ್ತಾರೆ. ನಿಜಾನಾ?

ಉತ್ತರ: ಇಲ್ಲ. ಹಿಂದೆ ಒಂದು ಮೀಟರ್ ತನಕ ಚಾಚಲು ಅವಕಾಶ ಇತ್ತು. ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋದ ಮೇಲೆ 2014ರಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಈಗ ದಂಡ 20,000 ರೂಪಾಯಿ, ಸರಕು ಇಳಿಸುವ ಖರ್ಚು ಬೇರೆ. ರಾತ್ರಿ ಹಿಂದಿನಿಂದ ಬರುವ ಬೈಕ್ ಸವಾರರಿಗೆ ಆ ಕಂಬಿಯ ತುದಿ ಕಾಣುವುದೇ ಇಲ್ಲ. ಉದ್ದದ ಗಾಡಿ ತರಿಸಿ, ಇಲ್ಲವೇ ಕತ್ತರಿಸಿ ತರಿಸಿ.

ಪ್ರಶ್ನೆ: ಸಕಲೇಶಪುರದವರು ನಾವು. ಸಾಲುಸಾಲು ಚಕ್ರದ ಗಾಡಿಯೊಂದು ಹೇಮಾವತಿ ಸೇತುವೆ ದಾಟುವಾಗ ಎಲ್ಲರನ್ನೂ ನಿಲ್ಲಿಸಿ, ನಡುರಸ್ತೆಯಲ್ಲಿ, ನಡೆಯುವುದಕ್ಕಿಂತ ನಿಧಾನವಾಗಿ ಹೋಯಿತು. ಒಂದು ಬದಿಗೆ ಹೋಗಿ ನಮ್ಮನ್ನೂ ಬಿಡಬಹುದಿತ್ತಲ್ಲ?

ಉತ್ತರ: ಬಿಡಬಾರದು. ಕಾಯುವ ಬೇಜಾರು ನನಗೂ ಅರ್ಥ ಆಗುತ್ತದೆ. ಆದರೆ ಆ ಗಾಡಿಯವರು ಸರಿಯಾಗಿಯೇ ಮಾಡಿದ್ದಾರೆ.

ನೀವು ನೋಡಿದ್ದು ಹೈಡ್ರಾಲಿಕ್ ಟ್ರೈಲರ್. ಅದರ ಪ್ರತಿ ಸಾಲಿಗೆ ಎಂಟು ಟೈರ್, ಸಾಲಿಗೆ 18 ಟನ್ ಮಿತಿ. ಅಂದರೆ ಟೈರಿಗೆ ಎರಡೂಕಾಲು ಟನ್. ಮಾಮೂಲಿ ಲಾರಿಯ ಹಿಂದಿನ ಒಂದು ಆಕ್ಸಲ್‌ಗೆ ನಾಲ್ಕು ಟೈರ್, ಮಿತಿ 11.5 ಟನ್. ಟೈರಿಗೆ ಹತ್ತಿರಹತ್ತಿರ ಮೂರು ಟನ್! ಹಾಗಾಗಿ ಡಾಂಬರಿಗೆ ಈ ದೈತ್ಯ ಗಾಡಿ ಅಂಥ ಭಾರವೇನಲ್ಲ. ಸೇತುವೆಯ ಲೆಕ್ಕ ಬೇರೆ. ಎರಡು ಕಂಬದ ನಡುವೆ ಒಂದೇ ಸಲಕ್ಕೆ ಎಷ್ಟು ಒಟ್ಟು ತೂಕ ಬಿತ್ತು ಅನ್ನೋದು ಅಲ್ಲಿ ಮುಖ್ಯ.

ನಡುವೆ ಹೋದರೆ ಕೆಳಗಿನ ಎಲ್ಲ ಗರ್ಡರ್‌ಗಳೂ (ಸೇತುವೆ ಹೊರುವ ತೊಲೆಗಳು) ಭಾರ ಹಂಚಿಕೊಳ್ಳುತ್ತವೆ. ಬದಿಗೆ ಹೋದರೆ ಅಂಚಿನ ಗರ್ಡರ್ ಮೇಲೇ ಹೆಚ್ಚಿನ ಭಾರ. ನಿಧಾನ ಹೋದರೆ ಕುಲುಕಾಟದ ಹೊಡೆತ ಇರುವುದಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಸೇತುವೆ ಮಾನದಂಡದಲ್ಲಿ 385 ಟನ್ನಿನ ವಿಶೇಷ ವಾಹನದ ಲೆಕ್ಕ ಇದೆ. ಗಂಟೆಗೆ 5 ಕಿಲೋಮೀಟರ್ ಒಳಗೆ, ಮಧ್ಯದಿಂದ 300 ಮಿಲಿಮೀಟರ್‌ಗಿಂತ ಜಾಸ್ತಿ ಸರಿಯದೆ, ಬೇರೆ ಗಾಡಿ ಯಾವುದೂ ಇಲ್ಲದಾಗ ದಾಟಬೇಕು ಅಂತಲೇ ಅದು ಹಿಡಿದುಕೊಳ್ಳುತ್ತದೆ. ಮಧ್ಯದಲ್ಲಿ ನಿಲ್ಲಿಸುವುದು, ಬ್ರೇಕ್ ಒತ್ತುವುದು ಕೂಡ ಬೇಡ.

ಸೇತುವೆ ತಡೆಯುವುದಿಲ್ಲ ಅಂತ ಲೆಕ್ಕ ಬಂದರೆ ನದಿಗೇ ಇಳಿಯುತ್ತಾರೆ. ತಮಿಳುನಾಡಿನ ತಿರುವಣ್ಣಾಮಲೈ ಕಡೆಯಿಂದ ಬೆಂಗಳೂರಿನ ಈಜಿಪುರಕ್ಕೆ 2019ರಲ್ಲಿ ಬಂದ ಕೋದಂಡರಾಮನ ಏಕಶಿಲಾ ವಿಗ್ರಹ ನೆನಪಿದೆಯಾ? ಅದು ಕಬ್ಬಿಣವಲ್ಲ, ಕಲ್ಲು. ಆದರೆ ಸುಮಾರು 350 ಟನ್, 240 ಚಕ್ರ. ಹೊಸೂರು ಹತ್ತಿರ ದಕ್ಷಿಣ ಪಿನಾಕಿನಿಯಲ್ಲಿ ಅದಕ್ಕಾಗಿ ಮಣ್ಣಿನ ತಾತ್ಕಾಲಿಕ ರಸ್ತೆಯನ್ನೇ ಹಾಕಿದರು. ನಿಮ್ಮೂರಲ್ಲಿ ಹತ್ತಿಪ್ಪತ್ತು ನಿಮಿಷ ನಿಲ್ಲಿಸಿದ್ದು ಅದಕ್ಕೆ ಹೋಲಿಸಿದರೆ ಸಣ್ಣದು. ಮುಂದಿನ ಸಲ ಪೈಲಟ್ ಗಾಡಿಯ ಹುಡುಗ ಕೆಂಪು ಬಾವುಟ ತೋರಿಸಿದರೆ ದಯವಿಟ್ಟು ಅವನ ಪಕ್ಕದಿಂದ ಬೈಕ್ ನುಗ್ಗಿಸಬೇಡಿ.