ಒಂದೇ ಕ್ಯಾನು, ಎರಡು ಕಾನೂನು

ಓದುಗರ ಪ್ರಶ್ನೆಗೆ ತಜ್ಞರ ಉತ್ತರ. ವಿಷ ರಾಸಾಯನಿಕವೂ ಹೌದು, ವಿಕಿರಣಶೀಲವೂ ಹೌದು ಎನ್ನುವಂಥ ತ್ಯಾಜ್ಯವನ್ನು ನಿಯಮಬದ್ಧವಾಗಿ ಇಟ್ಟುಕೊಳ್ಳುವುದು ಹೇಗೆ ಎಂದು ಮೈಸೂರು, ಮಂಡ್ಯ ಕಡೆಯಿಂದ ಬಂದ ಪತ್ರಗಳಲ್ಲಿ ಐದಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ನಮ್ಮ ಲ್ಯಾಬಿನಲ್ಲಿ ಟ್ರಿಟಿಯಂ, ಕಾರ್ಬನ್-14, ಫಾಸ್ಫರಸ್-32 ಎಂಬ ಮೂರು ವಿಕಿರಣಶೀಲ ಐಸೊಟೋಪುಗಳನ್ನು ಬಳಸುತ್ತೇವೆ. ವಿಕಿರಣದ ಎಣಿಕೆ ಮುಗಿದ ಸಿಂಟಿಲೇಷನ್ (ವಿಕಿರಣ ತಗಲಿದಾಗ ಮಿನುಗುವ ದ್ರಾವಣದ) ವಯಲ್‌ಗಳಲ್ಲಿನ ಟಾಲ್ವೀನ್ ದ್ರಾವಣವನ್ನೆಲ್ಲ ಒಂದೇ 20 ಲೀಟರ್ ಪ್ಲಾಸ್ಟಿಕ್ ಕ್ಯಾನಿಗೆ ಸುರಿಯುವುದು ಮೊದಲಿನಿಂದ ಬಂದ ರೂಢಿ. 90 ದಿನದೊಳಗೆ ಸಾಗಿಸಲೇಬೇಕು ಎನ್ನುತ್ತಾರೆ ಒಬ್ಬರು. ವಿಕಿರಣ ಇಳಿಯುವ ತನಕ ಮುಟ್ಟಬಾರದು ಎನ್ನುತ್ತಾರೆ ಇನ್ನೊಬ್ಬರು. ಯಾರ ಮಾತು ಸರಿ?
— ಸಂಶೋಧನಾ ವಿದ್ಯಾರ್ಥಿನಿ, ಮೈಸೂರು

ಉತ್ತರ: ಇಬ್ಬರದೂ ಅರ್ಧರ್ಧ ಸರಿ. 90 ದಿನದ ಮಾತು ಬರುವುದು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಿಂದ. ವರ್ಷಕ್ಕೆ 10 ಟನ್ ಮೀರದ ಸಣ್ಣ ಉತ್ಪಾದಕರಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ (ಕೆಎಸ್‌ಪಿಸಿಬಿ) ಇದನ್ನು 180 ದಿನಕ್ಕೆ ವಿಸ್ತರಿಸಬಹುದು. ಆದರೆ 1962ರ ಅಣುಶಕ್ತಿ ಕಾಯ್ದೆಯ ವ್ಯಾಪ್ತಿಗೆ ಬರುವ ವಿಕಿರಣಶೀಲ ತ್ಯಾಜ್ಯಕ್ಕೆ ತಾನು ಅನ್ವಯಿಸುವುದಿಲ್ಲವೆಂದು ಅದೇ ನಿಯಮಾವಳಿ ಹೇಳುತ್ತದೆ. ಆ ಕಾಯ್ದೆಯಡಿ ವಿಕಿರಣ ತ್ಯಾಜ್ಯಕ್ಕೆಂದೇ 1987ರ ನಿಯಮಗಳು ಬಂದವು, 2004ರಲ್ಲಿ ವಿಕಿರಣ ರಕ್ಷಣಾ ನಿಯಮಗಳು ಬಂದವು. ಅಮೆರಿಕದಲ್ಲಿ ‘ಮಿಶ್ರ ತ್ಯಾಜ್ಯ’ ಎಂಬುದೇ ಒಂದು ವರ್ಗ. ನಮ್ಮಲ್ಲಿ ಹಾಗಿಲ್ಲ. ಆದ್ದರಿಂದ ನಿಮ್ಮ ಕ್ಯಾನು ಸದ್ಯಕ್ಕೆ ಅಣುಶಕ್ತಿ ನಿಯಂತ್ರಣ ಮಂಡಳಿಯ, ಅಂದರೆ ಎಇಆರ್‌ಬಿಯ ಕೈಕೆಳಗಿನದು. ವಿಕಿರಣ ಇಳಿದು ಬಿಡುಗಡೆಯಾದ ದಿನ ಅದು ಕೆಎಸ್‌ಪಿಸಿಬಿಯ ಲೆಕ್ಕಕ್ಕೆ ಬರುತ್ತದೆ. ಟಾಲ್ವೀನು ಮೊದಲ ದಿನವೂ ಟಾಲ್ವೀನೇ, ಕೊನೆಯ ದಿನವೂ ಟಾಲ್ವೀನೇ.

90 ದಿನದ ಎಣಿಕೆ ಯಾವತ್ತು ಶುರು ಎಂಬುದನ್ನು ಊಹೆಗೆ ಬಿಡಬೇಡಿ. ವಿಕಿರಣ ಸುರಕ್ಷಾಧಿಕಾರಿ ‘ಬಿಡುಗಡೆ’ ಎಂದು ಸಹಿ ಹಾಕಿದ ದಿನವನ್ನೇ ಫಾರಂ 3ರ ರಿಜಿಸ್ಟರಿನಲ್ಲಿ ಆರಂಭದ ದಿನವಾಗಿ ನಮೂದಿಸುತ್ತೇವೆಂದು ಕೆಎಸ್‌ಪಿಸಿಬಿಯ ಮೈಸೂರು ಪ್ರಾದೇಶಿಕ ಕಚೇರಿಗೆ ಮುಂಚಿತವಾಗಿ ಪತ್ರ ಬರೆದು, ಸ್ವೀಕೃತಿ ಮುದ್ರೆ ಹಾಕಿಸಿಟ್ಟುಕೊಳ್ಳಿ. ತಪಾಸಣೆಗೆ ಬಂದವರು ಕೇಳುವ ಮೊದಲ ಕಾಗದ ಅದೇ.

ನಿಜವಾದ ತೊಂದರೆ ಇರುವುದು ಆ ರೂಢಿಯಲ್ಲಿ. ಫಾಸ್ಫರಸ್-32ರ ಅರ್ಧಾಯು, ಅಂದರೆ ವಿಕಿರಣ ಅರ್ಧಕ್ಕೆ ಇಳಿಯುವ ಅವಧಿ, 14.3 ದಿನ. ಹತ್ತು ಅರ್ಧಾಯು ಕಳೆದರೆ ಉಳಿಯುವುದು 1,024ರಲ್ಲಿ ಒಂದು ಪಾಲು. ಬೇರೆಯಾಗಿ ಇಟ್ಟಿದ್ದರೆ 143 ದಿನಕ್ಕೆ ಅದರ ಕಥೆ ಮುಗಿಯುತ್ತಿತ್ತು. ಟ್ರಿಟಿಯಂನದು 12.3 ವರ್ಷ, ಹತ್ತು ಅರ್ಧಾಯು ಎಂದರೆ 123 ವರ್ಷ. ಕಾರ್ಬನ್-14ರದು 5,700 ವರ್ಷ, ಅದಕ್ಕೆ ಕಾಯುವ ಮಾತೇ ಇಲ್ಲ. ಮೂರನ್ನೂ ಬೆರೆಸಿದ ಮೇಲೆ ಇಡೀ 20 ಲೀಟರು ಕಾರ್ಬನ್-14ರ ಆಯುಸ್ಸಿಗೆ ಕಟ್ಟುಬೀಳುತ್ತದೆ. ಇವತ್ತಿನಿಂದಲೇ ಐಸೊಟೋಪಿಗೊಂದು ಬಾಟಲು ಮಾಡಿ. ಹಳೆಯ ಕ್ಯಾನನ್ನು ಬೇರ್ಪಡಿಸಲು ಹೋಗಬೇಡಿ. 1 ಮಿಲಿಲೀಟರ್ ಮಾದರಿ ತೆಗೆದು ಎಣಿಸಿ, ಒಟ್ಟು ವಿಕಿರಣವನ್ನು ಬೆಕ್ವೆರೆಲ್ ಅಳತೆಯಲ್ಲಿ ಲೆಕ್ಕ ಹಾಕಿ, ದೀರ್ಘಾಯು ತ್ಯಾಜ್ಯವೆಂದು ಲೇಬಲ್ ಅಂಟಿಸಿ, ಎಇಆರ್‌ಬಿಯ ಆನ್‌ಲೈನ್ ಪರವಾನಗಿ ವ್ಯವಸ್ಥೆಯಾದ ಇ-ಲೋರಾ ಮೂಲಕ ವಿಲೇವಾರಿಗೆ ಅನುಮತಿ ಕೇಳಿ. ಫ್ಯೂಮ್ ಹುಡ್ ಒಳಗೆ ಮುಚ್ಚಳ ತೆರೆದಿಟ್ಟು ಆವಿಯಾಗಿಸುವುದು, ನೀರು ಬೆರೆಸಿ ಸಿಂಕಿಗೆ ಬಿಡುವುದು ಎರಡೂ ಕಾನೂನಿಗೂ ತಪ್ಪು, ಬುದ್ಧಿಗೂ ತಪ್ಪು.

ಕ್ಯಾನಿನ ಬಗ್ಗೆಯೂ ಒಂದು ಮಾತು. ಟಾಲ್ವೀನ್ ಪಾಲಿಥೀನ್ ಗೋಡೆಯೊಳಗೆ ನಿಧಾನಕ್ಕೆ ಇಳಿಯುತ್ತದೆ. ಕ್ಯಾನು ಉಬ್ಬಿ, ಹೊರಮೈ ಅಂಟಂಟಾಗಿ, ಮುಚ್ಚಳ ಬಿಗಿಯಾಗಿದ್ದರೂ ವಾಸನೆ ಹೊಡೆಯುತ್ತಿದ್ದರೆ ಕಾರಣ ಇದೇ. ಗಾಜಿನ ಬಾಟಲು ಬಳಸಿ, ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ತುಂಬಬೇಡಿ. ಕೆಳಗಿಡುವ ತಟ್ಟೆ ಅತಿ ದೊಡ್ಡ ಬಾಟಲಿನ 110 ಪ್ರತಿಶತವನ್ನಾದರೂ ಹಿಡಿಯುವಂತಿರಲಿ. ಟಾಲ್ವೀನಿನ ಆವಿ 4 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಿಡಿಗೆ ಹೊತ್ತಿಕೊಳ್ಳುತ್ತದೆ. ಏಪ್ರಿಲ್ ತಿಂಗಳ ಮೈಸೂರಿನ ಶೀಟ್ ಛಾವಣಿಯ ಶೆಡ್ಡು ಅದಕ್ಕೆ ತಕ್ಕ ಜಾಗವಲ್ಲ. ಸಾಧಾರಣ ಸ್ವಿಚ್ಚು, ಹಳೆಯ ಫ್ರಿಜ್ಜು ಆ ಕೋಣೆಯಲ್ಲಿ ಬೇಡ. ಸಾಧ್ಯವಾದರೆ ಜ್ವಲನಬಿಂದು 120 ಡಿಗ್ರಿ ಮೀರಿದ ಹೊಸ ಬಗೆಯ ಸಿಂಟಿಲೇಷನ್ ದ್ರಾವಣಕ್ಕೆ (ಕಾಕ್‌ಟೇಲ್) ಬದಲಾಯಿಸಿ, ಅರ್ಧ ತಲೆನೋವು ಅಲ್ಲೇ ಹೋಗುತ್ತದೆ.

ಫಾಸ್ಫರಸ್-32ರ ಬಾಟಲಿಗೆ ಸೀಸದ ಮರೆ ಕಟ್ಟುವವರಿದ್ದಾರೆ. ಅದರ ಬೀಟಾ ಕಣಗಳು ಸೀಸಕ್ಕೆ ನೇರ ಬಡಿದರೆ ಎಕ್ಸ್‌-ರೇ ಹುಟ್ಟುತ್ತದೆ. ಮೊದಲು 1 ಸೆಂಟಿಮೀಟರ್ ದಪ್ಪದ ಅಕ್ರಿಲಿಕ್ ಹಾಳೆ ಇರಲಿ. ಇನ್ನು ಟ್ರಿಟಿಯಂ ಚೆಲ್ಲಿದ ಕಡೆ ವಿಕಿರಣ ಅಳೆಯುವ ಜಿಎಂ (ಗೈಗರ್) ಸರ್ವೆ ಮೀಟರ್ ಹಿಡಿದು ‘ಸೊನ್ನೆ ಇದೆ’ ಎಂದು ನಿಟ್ಟುಸಿರು ಬಿಡಬೇಡಿ. ಆ ಬೀಟಾ ಮೀಟರಿನ ಕಿಟಕಿಯನ್ನೇ ದಾಟುವುದಿಲ್ಲ. ಕಾಗದದಿಂದ ಒರೆಸಿ, ಆ ಕಾಗದವನ್ನು ಸಿಂಟಿಲೇಷನ್ ಕೌಂಟರಿನಲ್ಲಿ ಎಣಿಸಬೇಕು.

ಪ್ರಶ್ನೆ: ಹಾರ್ಮೋನ್ ಪರೀಕ್ಷೆಯ ಅಯೋಡಿನ್-125 ಕಿಟ್‌ಗಳಲ್ಲಿ ಉಳಿದ ದ್ರವದ ವಿಕಿರಣ ತೀರಾ ಕಡಿಮೆ. ನಮಗೆ ಕೊಟ್ಟಿರುವ ಮಿತಿಯೊಳಗೇ ಸಿಂಕಿಗೆ ಬಿಡುತ್ತೇವೆ. ತಪ್ಪೇನು?
— ಲ್ಯಾಬ್ ಟೆಕ್ನೀಷಿಯನ್, ಮೈಸೂರು

ಉತ್ತರ: ವಿಕಿರಣದ ಮಟ್ಟಿಗೆ ತಪ್ಪಿಲ್ಲದಿರಬಹುದು. ಕಿಟ್ಟಿನ ಚೀಟಿ ತೆಗೆದು ಓದಿ, ಕೆಡದಿರಲೆಂದು ಬೆರೆಸಿದ ಸೋಡಿಯಂ ಅಝೈಡ್‌ನ ಹೆಸರು ಕಾಣಬಹುದು. ಅದು ತಾಮ್ರದ, ಸೀಸದ ಪೈಪಿನೊಳಗೆ ಕೂತು ಲೋಹದ ಅಝೈಡ್ ಆಗುತ್ತದೆ. ಪ್ಲಂಬರ್ ಬಂದು ಪೈಪಿಗೆ ಸ್ಪ್ಯಾನರ್ ಹಾಕಿದಾಗ ಸಿಡಿಯುವುದು ಅದೇ. ಆಸಿಡ್ ಸುರಿದರೆ ವಿಷಾನಿಲ ಏಳುತ್ತದೆ. ದ್ರವವನ್ನು ಬೇರೆ ಬಾಟಲಿಗೆ ಹಿಡಿದು ‘ಅಯೋಡಿನ್-125, ಅಝೈಡ್ ಇದೆ, ಆಸಿಡ್ ಬೇಡ’ ಎಂದು ಬರೆದಿಡಿ. ಅರ್ಧಾಯು 59.4 ದಿನ, ಹತ್ತು ಅರ್ಧಾಯುವಿಗೆ ಸುಮಾರು 20 ತಿಂಗಳು. ಆಮೇಲೆ ರಾಸಾಯನಿಕ ತ್ಯಾಜ್ಯವಾಗಿ ಕಳಿಸಿ.

ಪ್ರಶ್ನೆ: ಥೈರಾಯ್ಡ್ ಕ್ಯಾನ್ಸರಿಗೆ ಅಯೋಡಿನ್-131 ಕೊಟ್ಟ ರೋಗಿಗಳ ಡಯಾಪರ್, ಹಾಸಿಗೆ ಬಟ್ಟೆ, ಊಟದ ತಟ್ಟೆ ಎಲ್ಲ ಸೇರಿ ಚೀಲಗಟ್ಟಲೆ ಆಗುತ್ತಿದೆ. ಜೈವಿಕ ತ್ಯಾಜ್ಯ 48 ಗಂಟೆ ಮೀರಬಾರದು ಎನ್ನುತ್ತಾರೆ. ವಾಸನೆಗೆ ಬ್ಲೀಚಿಂಗ್ ಹಾಕಬಹುದೇ?
— ಆಸ್ಪತ್ರೆ ಸಿಬ್ಬಂದಿ, ಮಂಡ್ಯ

ಉತ್ತರ: ಬ್ಲೀಚಿಂಗ್ ಖಂಡಿತ ಬೇಡ. ಕ್ಲೋರಿನ್ ತಗಲಿದರೆ ಅಯೋಡೈಡ್ ಹೋಗಿ ಅಯೋಡಿನ್ ಆಗಿ ಗಾಳಿಗೆ ಏಳುತ್ತದೆ. ಆಸಿಡ್ ಸೇರಿದರೆ ಇನ್ನೂ ಬೇಗ. ಚೀಲದಲ್ಲಿರಬೇಕಾದದ್ದು ಸಿಬ್ಬಂದಿಯ ಥೈರಾಯ್ಡಿಗೆ ಹೋಗುತ್ತದೆ. ದ್ರವ ಚೆಲ್ಲಿದರೆ ಸೋಡಿಯಂ ಥಯೊಸಲ್ಫೇಟ್ ದ್ರಾವಣ ಹಾಕಿ ಒರೆಸಿ. ವಾಸನೆಗೆ ಮದ್ದು ಡೀಪ್ ಫ್ರೀಜರ್. ಎರಡು ಚೀಲ ಒಂದರೊಳಗೊಂದು ಹಾಕಿ, ಬಾಯಿ ಕಟ್ಟಿ, ಫ್ರೀಜರಿಗೆ ಬೀಗ ಹಾಕಿ. ಫ್ರೀಜರ್ ಇಲ್ಲದ ಕಡೆ ಮುಚ್ಚಳವಿರುವ ಲೋಹದ ಡಬ್ಬವೇ ಬೇಕು. ಡಯಾಪರನ್ನು ಇಲಿ ಕಚ್ಚಿ ಎಳೆದೊಯ್ದರೆ ಅಯೋಡಿನ್ ಯಾವ ಬಿಲ ಸೇರಿತೆಂದು ಯಾವ ರಿಜಿಸ್ಟರೂ ಹೇಳಲಾರದು.

48 ಗಂಟೆಯ ನಿಯಮ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳದು, ಅದೂ ವಿಕಿರಣಶೀಲ ತ್ಯಾಜ್ಯವನ್ನು ಹೊರಗಿಟ್ಟಿದೆ. ವಿಕಿರಣ ಇಳಿದ ಮೇಲೆ ಸಾಗಿಸಲು ತಡವಾದರೆ ಕಾರಣ ಸಹಿತ ಕೆಎಸ್‌ಪಿಸಿಬಿಗೆ ತಿಳಿಸಲು ಅದೇ ನಿಯಮದಲ್ಲಿ ದಾರಿಯಿದೆ.

ಲೆಕ್ಕ ಹೀಗೆ. ಅಯೋಡಿನ್-131ರ ಅರ್ಧಾಯು 8 ದಿನ. ಚೀಲದ ಮೈಮೇಲೆ ಮೊದಲ ದಿನ ಗಂಟೆಗೆ 40 ಮೈಕ್ರೊಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ) ಇತ್ತೆನ್ನಿ. 24ನೇ ದಿನಕ್ಕೆ 5, 48ನೇ ದಿನಕ್ಕೆ 0.6, 80ನೇ ದಿನಕ್ಕೆ 0.04. ಆ ಹೊತ್ತಿಗೆ ಪರಿಸರದ ಸಹಜ ವಿಕಿರಣದಲ್ಲಿ ಅದು ಗುರುತೇ ಸಿಗದು. ಆದರೂ ಕ್ಯಾಲೆಂಡರ್ ನೋಡಿ ಬಿಡಬೇಡಿ, ಮೀಟರ್ ಹಿಡಿದು ನೋಡಿ. ಸ್ಟೋರಿನಿಂದ ದೂರ ನಿಂತು ಮೊದಲು ಸಹಜ ಮಟ್ಟ ಅಳೆದು, ಆಮೇಲೆ ಚೀಲವನ್ನು ಬೇರೆ ಚೀಲಗಳ ನಡುವಿನಿಂದ ಹೊರತಂದು ಅಳೆಯಿರಿ.

ಸಾಮಾನ್ಯವಾಗಿ ಎಡವುವುದು ಎಲ್ಲಿ ಗೊತ್ತೇ? ಅರ್ಧ ತುಂಬಿದ ಹಳೆ ಡಬ್ಬಕ್ಕೆ ಹೊಸ ರೋಗಿಯ ಚೀಲ ಹಾಕುತ್ತಾರೆ. ಆ ಕ್ಷಣಕ್ಕೆ 80 ದಿನದ ಎಣಿಕೆ ಇಡೀ ಡಬ್ಬಕ್ಕೆ ಮತ್ತೆ ಒಂದರಿಂದ. ವಾರಕ್ಕೊಂದು ಡಬ್ಬ ಮಾಡಿ, ಮುಚ್ಚಿದ ತಾರೀಕು ಮುಚ್ಚಳದ ಮೇಲೆ ಬರೆಯಿರಿ. ಹಳದಿ ಚೀಲಕ್ಕೆ ವರ್ಗಾಯಿಸುವಾಗ ಮೂರೆಸಳಿನ ವಿಕಿರಣ ಚಿಹ್ನೆಯ ಲೇಬಲನ್ನು ಕಿತ್ತುಹಾಕಿ. ಇಲ್ಲದಿದ್ದರೆ ಜೈವಿಕ ತ್ಯಾಜ್ಯದ ಸಾಮೂಹಿಕ ಸಂಸ್ಕರಣಾ ಘಟಕದವರು ಚೀಲವನ್ನು ವಾಪಸ್ ಕಳಿಸುತ್ತಾರೆ. ಕಳಿಸಬೇಕಾದದ್ದೂ ಹೌದು.

ಕ್ಯಾನ್ಸರ್ ಚಿಕಿತ್ಸೆಗೆ ಬಳಸುವ ಲುಟೇಷಿಯಂ-177 ಶುರುಮಾಡುವ ಯೋಚನೆಯಿದ್ದರೆ ಒಂದು ಎಚ್ಚರಿಕೆ. ಅದರ ಅರ್ಧಾಯು 6.65 ದಿನ, 67 ದಿನ ಸಾಕೆಂದು ಕಾಣುತ್ತದೆ. ಕೆಲವು ವಿಧದ ತಯಾರಿಕೆಯಲ್ಲಿ ಲುಟೇಷಿಯಂ-177ಎಂ ಅಲ್ಪಸ್ವಲ್ಪ ಬೆರೆತಿರುತ್ತದೆ, ಅದರ ಅರ್ಧಾಯು 160 ದಿನ. ಕೊಂಡುಕೊಳ್ಳುವಾಗಲೇ ಯಾವ ವಿಧದ್ದೆಂದು ಬರಹದಲ್ಲಿ ಕೇಳಿ.

ಪ್ರಶ್ನೆ: ಕಾಲೇಜಿನ ರಸಾಯನಶಾಸ್ತ್ರ ವಿಭಾಗದ ಬೀರುವಿನಲ್ಲಿ 25 ಗ್ರಾಂ ಯುರೇನೈಲ್ ಅಸಿಟೇಟ್, 100 ಗ್ರಾಂ ಥೋರಿಯಂ ನೈಟ್ರೇಟ್ ಬಾಟಲುಗಳು ಸಿಕ್ಕಿವೆ. ಹಳೆ ಸಾಮಾನು ಹರಾಜು ಹಾಕುವ ಮುನ್ನ ಏನು ಮಾಡಬೇಕು?
— ಅಧ್ಯಾಪಕರು, ಮಂಡ್ಯ ಜಿಲ್ಲೆ

ಉತ್ತರ: ಸಾರ್, ಹರಾಜಿನ ಪಟ್ಟಿಯಿಂದ ಆ ಬೀರುವನ್ನೇ ಮೊದಲು ತೆಗೆಸಿ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿಗೆ ಕೋಬಾಲ್ಟ್-60 ಹೋದದ್ದು ವಿಶ್ವವಿದ್ಯಾನಿಲಯದ ಲ್ಯಾಬೊಂದರ ಹಳೆ ಉಪಕರಣದ ಹರಾಜಿನ ಮೂಲಕ. ಒಬ್ಬರ ಜೀವ ಹೋಯಿತು. ನಿಮ್ಮ ಬಾಟಲುಗಳು ಅಷ್ಟು ಭೀಕರವಲ್ಲ. ಕಾನೂನಿಗೆ ಮಾತ್ರ ಇವು ಲೆಕ್ಕಕ್ಕೆ ಸಿಗಬೇಕಾದ ವಸ್ತುಗಳು.

25 ಗ್ರಾಂ ಯುರೇನೈಲ್ ಅಸಿಟೇಟಿನಲ್ಲಿ ಸುಮಾರು 14 ಗ್ರಾಂ ಯುರೇನಿಯಂ ಇರುತ್ತದೆ. ಮುಚ್ಚಿದ ಬಾಟಲಿನಿಂದ ಹೊರಗೆ ಬರುವ ವಿಕಿರಣ ಅಲ್ಪ. ಪುಡಿ ಉಸಿರಿಗೆ, ಬಾಯಿಗೆ ಹೋದರೆ ಮಾತ್ರ ಅಪಾಯ, ಮೊದಲ ಪೆಟ್ಟು ಮೂತ್ರಪಿಂಡಕ್ಕೆ. ಹೀಗಾಗಿ ಗಟ್ಟಿಕೊಂಡ ಮುಚ್ಚಳ ತಿರುಗಿಸಿ ನೋಡುವುದು ಬೇಡ. ಥೋರಿಯಂ ನೈಟ್ರೇಟಿನ ಹತ್ತಿರ ಮೀಟರ್ ಜೋರಾಗಿ ಕಿರುಚಿದರೆ ಸೋರಿದೆಯೆಂದು ಗಾಬರಿಯಾಗಬೇಡಿ. ಥೋರಿಯಂ ಕ್ಷಯಿಸುತ್ತ ಹುಟ್ಟಿದ ಮರಿ ಧಾತುಗಳ ಗಾಮಾ ಕಿರಣ ಗಾಜನ್ನು ದಾಟಿ ಬರುತ್ತದೆ. ಅದರಿಂದ ಥೋರಾನ್ ಎಂಬ ವಿಕಿರಣಶೀಲ ಅನಿಲವೂ ಏಳುತ್ತದೆ, ಅದಕ್ಕೇ ಬಾಗಿಲು ತೆರೆದೊಡನೆ ಬೀರುವಿನೊಳಗೆ ತಲೆ ತೂರಿಸಬಾರದು.

ಇಡುವುದು ಹೀಗೆ: ಕೈಗವಸು ಹಾಕಿ, ಒಂದೊಂದು ಬಾಟಲನ್ನೂ ದಪ್ಪ ಪಾಲಿಥೀನ್ ಚೀಲಕ್ಕಿಳಿಸಿ, ಬೇರೆ ಬೇರೆ ತಗಡಿನ ಡಬ್ಬದಲ್ಲಿಟ್ಟು, ಸುತ್ತ ನರ್ಸರಿಯಲ್ಲಿ ಸಿಗುವ ವರ್ಮಿಕ್ಯುಲೈಟ್ ತುಂಬಿ. ಮಂಡ್ಯದಲ್ಲಿ ಸುಲಭಕ್ಕೆ ಕೈಗೆ ಸಿಗುವುದು ಭತ್ತದ ಹೊಟ್ಟು, ಅದು ಬೇಡ. ಮರದ ಪುಡಿ, ಹಳೆ ಪೇಪರೂ ಬೇಡ. ನೈಟ್ರೇಟ್ ಆಮ್ಲಜನಕ ಒದಗಿಸುವ ವಸ್ತು, ಬೆಂಕಿ ತಗಲಿದರೆ ಹೊಟ್ಟನ್ನು ಬುಸ್ಸನೆ ಉರಿಸುತ್ತದೆ. ಈಥರ್, ಆಲ್ಕೊಹಾಲ್ ಇರುವ ಕಪಾಟಿನಿಂದ ದೂರವಿಡಿ. ಆಮೇಲೆ ವಸ್ತುವಿನ ಹೆಸರು, ತೂಕ, ತಯಾರಕರು, ಲೇಬಲಿನ ವರ್ಷ, ಬಾಟಲಿನ ಸ್ಥಿತಿ, ಫೋಟೊ ಇಷ್ಟನ್ನು ಪ್ರಾಂಶುಪಾಲರ ಸಹಿಯೊಂದಿಗೆ ಎಇಆರ್‌ಬಿಗೆ ಬರೆಯಿರಿ, ಪ್ರತಿ ಕೆಎಸ್‌ಪಿಸಿಬಿಯ ಮಂಡ್ಯ ಕಚೇರಿಗಿರಲಿ. ಮೈಸೂರಿನ ಬಳಿ ರತ್ನಹಳ್ಳಿಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ (ಬಿಎಆರ್‌ಸಿ) ಘಟಕ ಇದೆಯಲ್ಲ, ಸ್ಕೂಟರಿನಲ್ಲಿಟ್ಟುಕೊಂಡು ಹೋಗಿ ಗೇಟಿನಲ್ಲಿ ಕೊಟ್ಟು ಬರೋಣ ಎಂದು ಮಾತ್ರ ಹೊರಡಬೇಡಿ. ಅನುಮತಿಯಿಲ್ಲದೆ ಸಾಗಿಸಿದ್ದೇ ಹೊಸ ಅಪರಾಧವಾದೀತು.

ಪ್ರಶ್ನೆ: ಕಾರ್ಖಾನೆಯ ಒಂದು ವಿಭಾಗ ನಿಂತಿದೆ. ಟ್ಯಾಂಕಿಗೆ ಹಾಕಿದ್ದ ಸೀಸಿಯಂ-137 ಲೆವೆಲ್ ಗೇಜನ್ನು (ಒಳಗಿನ ಮಟ್ಟವನ್ನು ವಿಕಿರಣದಿಂದ ಅಳೆಯುವ ಉಪಕರಣ) ಬಿಚ್ಚಿ, ಅಪಾಯಕಾರಿ ತ್ಯಾಜ್ಯದ ಶೆಡ್ಡಿನಲ್ಲೇ ದ್ರಾವಕದ ಡ್ರಮ್ಮುಗಳ ಪಕ್ಕ ಇಡಬಹುದೇ?
— ನಿರ್ವಹಣಾ ಎಂಜಿನಿಯರ್, ನಂಜನಗೂಡು

ಉತ್ತರ: ಬೇಡ. ಗೇಜಿನ ಕವಚದೊಳಗೆ ಸೀಸವಿದೆ, ಅದು ಕರಗುವುದು 327 ಡಿಗ್ರಿಗೆ. ದ್ರಾವಕಕ್ಕೆ ಬೆಂಕಿ ಬಿದ್ದರೆ ಅದಕ್ಕಿಂತ ಎಷ್ಟೋ ಮೇಲೆ ಹೋಗುತ್ತದೆ. ಸೀಸ ಹರಿದುಹೋಗಿ ಒಳಗಿನ ವಿಕಿರಣ ಮೂಲ ಬತ್ತಲಾದರೆ ಅಗ್ನಿಶಾಮಕದವರು ಅರಿಯದೆ ಅದರ ಮುಂದೆ ನಿಂತಿರುತ್ತಾರೆ. ಬೇರೆ ಕೋಣೆ, ಇಟ್ಟಿಗೆ ಗೋಡೆ, ಬೀಗ, ಚಿಹ್ನೆ, ಕೀಲಿ ವಿಕಿರಣ ಸುರಕ್ಷಾಧಿಕಾರಿಯ ಬಳಿ.

ಬಿಚ್ಚುವ ಮುನ್ನ ಕಿರಣವನ್ನು ತಡೆಯುವ ಷಟರ್ ಮುಚ್ಚಿ, ಕಿರಣ ಬರುವ ಬದಿಯಲ್ಲಿ ಮೀಟರ್ ಹಿಡಿಯಿರಿ. ತೆರೆದಾಗಿನ ಅಳತೆಗೂ ಮುಚ್ಚಿದಾಗಿನದಕ್ಕೂ ವ್ಯತ್ಯಾಸ ಇಲ್ಲದಿದ್ದರೆ ಧೂಳು, ತುಕ್ಕಿಗೆ ಷಟರ್ ಸಿಕ್ಕಿಕೊಂಡಿದೆ. ಹಿಡಿಕೆ ತಿರುಗಿದ ಮಾತ್ರಕ್ಕೆ ಒಳಗಿನ ಷಟರ್ ತಿರುಗಿತೆಂದು ನಂಬಬೇಡಿ. ಅಲ್ಲಿಗೆ ನಿಲ್ಲಿಸಿ, ಸುತ್ತ ಹಗ್ಗ ಕಟ್ಟಿ, ಗೇಜ್ ಒದಗಿಸಿದವರನ್ನು ಕರೆಸಿ. ಕೋಣೆಯ ಹೊರಗೋಡೆಗೆ ಲೆಕ್ಕ ಇಷ್ಟು: ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ಮಿತಿ. ಗೋಡೆಯಾಚೆ ಒಬ್ಬ ವರ್ಷಕ್ಕೆ 2,000 ಗಂಟೆ ಕೂತು ಕೆಲಸ ಮಾಡುವನಾದರೆ ಅಲ್ಲಿ ಗಂಟೆಗೆ 0.5 ಮೈಕ್ರೊಸೀವರ್ಟ್ ಮೀರಬಾರದು.

ಸೀಸಿಯಂ-137ರ ಅರ್ಧಾಯು 30 ವರ್ಷ, ಇಟ್ಟು ಕಾಯುವುದರಲ್ಲಿ ಅರ್ಥವಿಲ್ಲ. ಇ-ಲೋರಾದಲ್ಲಿ ‘ಬಳಕೆಯಲ್ಲಿಲ್ಲ’ ಎಂದು ತಿಳಿಸಿ, ಒದಗಿಸಿದವರಿಗೆ ಅಥವಾ ಎಇಆರ್‌ಬಿ ಒಪ್ಪಿದ ಸಂಸ್ಥೆಗೆ ಹಿಂತಿರುಗಿಸಲು ಅನುಮತಿ ಪಡೆಯಿರಿ. ಅಲ್ಲಿಯ ತನಕ ತಿಂಗಳಿಗೊಮ್ಮೆ ಕೋಣೆ ತೆಗೆದು, ಗೇಜಿನ ನಂಬರು ಓದಿ, ಅಳತೆ ಬರೆದು ಸಹಿ ಹಾಕಿ. ಬಾಗಿಲಿಗೆ ಬೀಗ ಇದೆ ಎಂದು ನೋಡಿ ಸಹಿ ಹಾಕಿದರೆ ಆಗದು, ಗೇಜು ಒಳಗಿದೆಯೇ ನೋಡಬೇಕು. ವಿಭಾಗವನ್ನು ಬೇರೆಯವರಿಗೆ ಮಾರುವ ಮಾತಿದ್ದರೆ ಗೇಜು ಯಂತ್ರದ ಜತೆ ತಾನೇ ಹೋಗುವುದಿಲ್ಲ. ಕೊಳ್ಳುವವರ ಹೆಸರಿಗೆ ಪರವಾನಗಿ ಆಗುವವರೆಗೆ ಹೊಣೆ ನಿಮ್ಮದೇ.