ಸಮುದಾಯ ಭವನದಲ್ಲಿ ವಾಲಿಬಾಲ್ ಆಡಲು ಎತ್ತಿಡಬಹುದಾದ ನೆಲಹಾಸು: ರೋಲ್ ತರಲಾ, ಟೈಲ್ಸ್ ತರಲಾ?

ಸಾಗರದ ಹತ್ತಿರ ನಿಮ್ಮೂರಿನ ಸಮುದಾಯ ಭವನದಲ್ಲಿ ಮಳೆಗಾಲದಲ್ಲೂ ವಾಲಿಬಾಲ್ ಆಡಬೇಕು, ಮದುವೆ ಬಂದರೆ ನೆಲಹಾಸು ಎತ್ತಿಡಬೇಕು, ಯಾವುದು ತರಲಿ, ಹೇಗೆ ಹಾಕಲಿ ಅಂತ ಕೇಳಿದ್ದೀರಿ. ನಾನು ತೀರ್ಥಹಳ್ಳಿ ಕಡೆಯವನು. ನಮ್ಮ ಯುವಕ ಸಂಘದವರು ಇದೇ ಕೆಲಸಕ್ಕೆ ಇಳಿದು ಒಮ್ಮೆ ಕೈ ಸುಟ್ಟುಕೊಂಡಿದ್ದೇವೆ. ಅದಕ್ಕೇ ಬರೆಯುತ್ತಿದ್ದೇನೆ.

ದುಡ್ಡು ಕೊಡುವ ಮೊದಲು ತಲೆ ಎತ್ತಿ ಮಾಡಿನ ಕಡೆ ನೋಡಿ. ಅಂಕಣದ ಮೇಲೆ ಕಡಿಮೆ ಅಂದರೂ 7 ಮೀಟರ್ ಖಾಲಿ ಇರಬೇಕು ಅನ್ನುತ್ತದೆ ನಿಯಮ. ನಿಮ್ಮ ಭವನದಲ್ಲಿ ಪಾಸ್ ಎತ್ತಿದ ಚೆಂಡು ಫ್ಯಾನಿಗೆ ಬಡಿಯುತ್ತದಾ? ಹಾಗಿದ್ದರೆ ಸುಮ್ನೆ ದುಡ್ಡು ಹಾಳು. ಆಮೇಲೆ ಅಳತೆ. ಅಂಕಣ 18 x 9 ಮೀಟರ್, ಸುತ್ತ 3 ಮೀಟರ್ ಜಾಗ ಬಿಟ್ಟರೆ 24 x 15, ಅಂದರೆ 360 ಚದರ ಮೀಟರ್. ಅಂಕಣದಷ್ಟೇ ತಂದರೆ ಸಾಕು ಅನ್ನುವವರು ಇರುತ್ತಾರೆ, ಕೇಳಬೇಡಿ. ಸರ್ವ್ ಮಾಡಲು ಓಡಿ ಬರುವವನು ನೆಲಹಾಸಿನ ಅಂಚಿಗೇ ಎಡವುತ್ತಾನೆ.

ಒಳಗೆ ಆಡುವುದಾದರೆ ನನ್ನ ಓಟು ಪಿವಿಸಿ ರೋಲಿಗೆ, ಅಂದರೆ ಚಾಪೆಯ ಹಾಗೆ ಸುತ್ತಿಡುವ ಪ್ಲಾಸ್ಟಿಕ್ ಹಾಸಿಗೆ. ಕೆಳಗೆ ಫೋಮ್ ಪದರ ಇರುತ್ತದೆ, 7 ಮಿಲಿಮೀಟರ್ ದಪ್ಪದ್ದು ತಗೊಳ್ಳಿ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲೇ ವಾಲಿಬಾಲ್ ಈ ಜಾತಿಯ ನೆಲಹಾಸಿನ ಮೇಲೆ ನಡೆದಿತ್ತು. ಒಂದಕ್ಕೊಂದು ಸಿಕ್ಕಿಸುವ ಪ್ಲಾಸ್ಟಿಕ್ ಟೈಲ್ಸ್ ಹೊರಗಿನ ಅಂಗಳಕ್ಕೆ ಸರಿ, ತೂತಿನಿಂದ ನೀರು ಇಳಿದು ಹೋಗುತ್ತದೆ. ಆದರೆ ಅದರ ಮೇಲೆ ಡೈವ್ ಹೊಡೆದು ನೋಡಿ, ಮೊಣಕೈ ಚರ್ಮ ಅಲ್ಲೇ ಉಳಿಯುತ್ತದೆ. 30 ಸೆಂಟಿಮೀಟರಿನ ಟೈಲ್ಸ್ ಆದರೆ ಇಷ್ಟು ಜಾಗಕ್ಕೆ 4000 ಬೇಕು. ಪ್ರತಿ ಮದುವೆಗೂ ಅಷ್ಟನ್ನು ಬಿಚ್ಚಿ ಜೋಡಿಸುವವರು ಯಾರು ಮಾರಾಯ್ರೇ? ಬಿಸಿಲಿಗೆ ಹಿಗ್ಗುವ ಗುಣವೂ ಇದೆ. 20 ಡಿಗ್ರಿ ಹೆಚ್ಚಾದರೆ 24 ಮೀಟರ್ ಉದ್ದಕ್ಕೆ ಸುಮಾರು 5 ಸೆಂಟಿಮೀಟರ್. ಗೋಡೆಗೆ ಒತ್ತಿ ಹಾಕಿದರೆ ನಡುವೆ ಹಪ್ಪಳದ ಹಾಗೆ ಉಬ್ಬುತ್ತದೆ.

ರೋಲಿಗೂ ತೊಂದರೆ ಇದೆ, ಅದು ಭಾರ. ಒಂದೂವರೆ ಮೀಟರ್ ಅಗಲ, 24 ಮೀಟರ್ ಉದ್ದದ ಒಂದು ರೋಲ್ 150 ಕೆಜಿಗೆ ಕಡಿಮೆ ಇರುವುದಿಲ್ಲ. ಅಂಥವು ಹತ್ತು. ಅರ್ಧರ್ಧ ಉದ್ದಕ್ಕೆ ಕತ್ತರಿಸಿ ತರಿಸಿದರೆ ನಾಲ್ಕು ಜನ ಎತ್ತಬಹುದು, ಜೋಡಣೆ ನೆಟ್ಟಿನ ಕೆಳಗೆ ಬರಲಿ.

ಈಗ ಮುಖ್ಯ ವಿಷಯ. ನಮ್ಮ ಕಡೆ ನೆಲಹಾಸು ಹಾಳು ಮಾಡುವುದು ಆಟ ಅಲ್ಲ, ಶೀತ, ಅಂದರೆ ನೆಲದ ತೇವ. ಜುಲೈ ತಿಂಗಳಲ್ಲಿ ಸಿಮೆಂಟ್ ನೆಲ ಬೆವರುವುದನ್ನು ನೀವೂ ನೋಡಿದ್ದೀರಿ ಅಲ್ವಾ? ನಾವು ಅದೇ ನೆಲದ ಮೇಲೆ ಹಾಸಿದೆವು, ಆಡಿದೆವು, ಒಂದು ಮದುವೆಗೆ ಗಡಿಬಿಡಿಯಲ್ಲಿ ಸುತ್ತಿ ಸ್ಟೇಜಿನ ಹಿಂದೆ ನೂಕಿದೆವು. ಒಂದೂವರೆ ತಿಂಗಳ ನಂತರ ಬಿಚ್ಚಿದರೆ ಫೋಮಿನ ತುಂಬಾ ಕಪ್ಪು ಬೂಸ್ಟು, ಹಳೇ ಕಂಬಳಿಯ ವಾಸನೆ. ಡೆಟಾಲ್ ಹಾಕಿ ಉಜ್ಜಿದರೂ ಎರಡು ರೋಲ್ ಕೈಕೊಟ್ಟವು.

ಅದಕ್ಕೇ ಜಡಿಮಳೆ ದಿನವೇ ಪರೀಕ್ಷೆ ಮಾಡಿ. ಎರಡಡಿ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಒಂದು ದಿನ ಬಿಡಿ. ಎತ್ತಿದಾಗ ಅಡಿಯಲ್ಲಿ ಹನಿ ಕಂಡರೆ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸದೆ ರೋಲ್ ಬಿಚ್ಚಲೇಬೇಡಿ. ತಗ್ಗು ಇದ್ದರೆ ಮೇಸ್ತ್ರಿಯನ್ನು ಕರೆದು ಮೊದಲೇ ಮಟ್ಟ ಮಾಡಿಸಿ. ನೆಲಹಾಸು ತಗ್ಗನ್ನು ಮುಚ್ಚುತ್ತದೆ, ತುಂಬುವುದಿಲ್ಲ.

ನೆಟ್ಟಿನ ಕಂಬದ ಕೆಲಸವೂ ಆಗಲೇ ಮುಗಿಯಬೇಕು. ಹಗ್ಗ, ತಂತಿ ಎಳೆದು ಕಟ್ಟುವ ನಮ್ಮ ಗದ್ದೆಯ ಪದ್ಧತಿ ಇಲ್ಲಿ ನಡೆಯುವುದಿಲ್ಲ, ತಂತಿಯಿಂದ ಕಟ್ಟುವುದು ನಿಯಮಕ್ಕೂ ವಿರುದ್ಧ. ಪಕ್ಕದ ಗೆರೆಯಿಂದ ಅರ್ಧದಿಂದ ಒಂದು ಮೀಟರ್ ಆಚೆ ಕಂಬ ಇಳಿಸಿ ನಿಲ್ಲಿಸಲು ನೆಲದಲ್ಲಿ ಪೈಪ್ ಹೂತು ಮುಚ್ಚಳ ಹಾಕಿಸಿ. ಮದುವೆ ದಿನ ಯಾರ ಕಾಲಿಗೂ ಸಿಗುವುದಿಲ್ಲ.

ಹಾಸುವ ದಿನ ಮಧ್ಯಕ್ಕೆ ದಾರ ಕಟ್ಟಿ, ಅಲ್ಲಿಂದ ಎರಡೂ ಕಡೆಗೆ ಬಿಚ್ಚುತ್ತಾ ಹೋಗಿ. ಗೋಡೆಯನ್ನು ನಂಬಬೇಡಿ, ನಮ್ಮ ಭವನದ ಗೋಡೆ ನಾಲ್ಕು ಇಂಚು ಸೊಟ್ಟ ಇತ್ತು. ಒಂದು ದಿನ ಹಾಗೇ ಬಿಡಿ, ಸುತ್ತು ಬಿಟ್ಟು ಮಲಗುತ್ತದೆ. ಆಮೇಲೆ ಸಂದಿಗೆ ಟೇಪ್ ಹಾಕಿ. ಗೆರೆ 5 ಸೆಂಟಿಮೀಟರ್ ಅಗಲ, 18 x 9ರ ಅಳತೆಯ ಒಳಗೇ ಬರಬೇಕು. ಅರ್ಧ ಅಂಕಣದ ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳತೆ ಟೇಪ್ ಹಿಡಿದರೆ 12.73 ಮೀಟರ್ ಬರಬೇಕು, ಎರಡೂ ಕಡೆ.

ಎತ್ತುವಾಗ ಮೊದಲು ಅಡಿಭಾಗ ಮೇಲೆ ಮಾಡಿ ಫ್ಯಾನ್ ಹಾಕಿ ಒಣಗಿಸಿ. ದಪ್ಪ ಪೈಪಿಗೆ ಸುತ್ತಿ, ಹಲಗೆಯ ಮೇಲೆ ಮಲಗಿಸಿ. ಅಡಿಕೆ ಮೂಟೆಯನ್ನು ಮಳೆಗಾಲದಲ್ಲಿ ಬರೀ ನೆಲಕ್ಕೆ ಇಡುತ್ತೀರಾ? ಹಾಗೇ ಇದು.