ತೂ ಅಂದ್ರೆ ಸಿಟ್ಟಾಗಬೇಡಿ

ನಮ್ಮ ಶಿವಮೊಗ್ಗ ಭಾಷೆಗಳ ಗಡಿನಾಡು ಅಂತ ನಾನಂದ್ರೆ, ಅದು ಯಾವ ಲೆಕ್ಕದಲ್ಲಿ ಅಂತ ನೀವು ಕೇಳಬಹುದು. ಈಗಿನ ನಕ್ಷೆಯಲ್ಲಿ ನಮ್ಮ ಜಿಲ್ಲೆಗೆ ಬೇರೆ ರಾಜ್ಯ ಎಲ್ಲೂ ತಾಗಲ್ಲ, ಒಪ್ಪಿದೆ. ಆದ್ರೆ 1956ರ ನವೆಂಬರ್ 1ಕ್ಕೆ ಮೊದಲು ಆಗುಂಬೆ ಘಾಟಿ ಇಳಿದ್ರೆ ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ, ಜೋಗದಲ್ಲಿ ಶರಾವತಿ ದಾಟಿದ್ರೆ ಮುಂಬಯಿಗೆ ಸೇರಿದ ಉತ್ತರ ಕನ್ನಡ. ಜೋಗದ ಆಚೆ ದಡದ ಬಂಗ್ಲೆಗೆ ಹಳಬರು ಬಾಂಬೆ ಬಂಗ್ಲೆ ಅನ್ನೋದು ಅದಕ್ಕೇ. ರಾಜ್ಯದ ಗೆರೆ ಹೋಯ್ತು. ಭಾಷೆಗಳು ಮಾತ್ರ ಆಗಲೂ ಘಟ್ಟ ಹತ್ತಿ ಬರ್ತಿದ್ವು, ಈಗಲೂ ಬರ್ತವೆ.

ಹೊಸಬರು ಮೊದಲು ಬೆಚ್ಚಿಬೀಳೋದು 'ತೂ' ಕೇಳಿ. ಕನ್ನಡದಲ್ಲಿ ಅದು ಉಗಿಯೋದೇ. ಬರೆಯುವಾಗ 'ಥೂ' ಅಂತ ಬರೀತೀವಿ, ಬಾಯಲ್ಲಿ ಆ ಮಹಾಪ್ರಾಣ ಎಲ್ಲಿ ಉಳಿಯುತ್ತೆ! ಆದ್ರೆ ಕೊಂಕಣಿ ಮನೆಗೆ ಹೋದ್ರೆ 'ತೂಂ' ಅಂದ್ರೆ ನೀನು. ಮೂಗಿನಲ್ಲಿ ಒಂಚೂರು ಹೇಳ್ತಾರೆ ಅಷ್ಟೆ. ಶಿಕಾರಿಪುರ ಕಡೆಯ ಲಂಬಾಣಿ ತಾಂಡಾಗಳಲ್ಲೂ ಶಿವಮೊಗ್ಗ ಪೇಟೆಯ ಉರ್ದು ಮನೆಗಳಲ್ಲೂ 'ತೂ' ಅಂದ್ರೆ ನೀನೇ. ಇದರಲ್ಲೂ ಒಂದು ಎಚ್ಚರ ಬೇಕು: ಉರ್ದುವಿನಲ್ಲಿ ಅದು ತೀರಾ ಸಲುಗೆಯವರಿಗೆ ಮಾತ್ರ. ಅರ್ಧಂಬರ್ಧ ಕಲಿತವರು ಹಿರಿಯರಿಗೆ 'ಆಪ್' ಅನ್ನೋ ಬದಲು 'ತೂ' ಅಂದ್ರೆ, ನನ್ನ ಪ್ರಕಾರ ಕನ್ನಡದ 'ಥೂ'ಗಿಂತ ಅದೇ ಹೆಚ್ಚು ಚುಚ್ಚುತ್ತೆ.

ತುಳುವಿನ ಕಥೆಯೇ ಬೇರೆ. ಅವರಿಗೆ 'ತೂ' ಅಂದ್ರೆ ಬೆಂಕಿ. ಸಾಲದ್ದಕ್ಕೆ ನೋಡು ಅನ್ನೋ ಧಾತುವೂ 'ತೂ'. 'ತೂಲೆ' ಅಂದ್ರೆ ನೋಡಿ, 'ತೂಕ' ಅಂದ್ರೆ ನೋಡೋಣ. ಇದರ ಮಜಾ ಗೊತ್ತಾಗ್ಬೇಕಾದ್ರೆ ಅಡಿಕೆ ಸುಗ್ಗಿಯಲ್ಲಿ ತೀರ್ಥಹಳ್ಳಿ ಕಡೆ ಬನ್ನಿ. ಸುಲಿದು, ಬೇಯಿಸಿ, ಒಣಗಿಸಿದ ಅಡಿಕೆಯಲ್ಲಿ ರಾಶಿ ಅನ್ನೋ ಬಗೆ ಒಂದು ಕಡೆ, ಬೆಟ್ಟೆ ಅನ್ನೋ ಬಗೆ ಒಂದು ಕಡೆ ಚೀಲ ತುಂಬಿರುತ್ತೆ. ತಕ್ಕಡಿ ಹತ್ರ ಕೂತ ಯಜಮಾನ್ರು "ತೂಕ ಎಷ್ಟೋ?" ಅಂತಾರೆ. ಘಟ್ಟದ ಕೆಳಗಿಂದ ಕೆಲಸಕ್ಕೆ ಬಂದವ ಚೀಲ ಎತ್ತಿ ಇಡ್ತಾ "ತೂಕ" ಅಂತಾನೆ. ಅವ ಹೇಳಿದ್ದು ನೋಡೋಣ ಅಂತ. ಯಜಮಾನ್ರು ಕನ್ನಡದಲ್ಲಿ "ಅದೇ ಮಾರಾಯ, ಎಷ್ಟು?" ಅಂತಾರೆ. ಹೊರಗಿನವರಿಗೆ ಇದು ಜಗಳ ಅನ್ನಿಸಬಹುದು. ವ್ಯಾಪಾರ ಅದರ ಪಾಡಿಗೆ ನಡೀತಾ ಇರುತ್ತೆ.

ಬೇರೆ ಭಾಷೆಯೇ ಆಗ್ಬೇಕು ಅಂತಿಲ್ಲ, ಕನ್ನಡದೊಳಗೂ ಇದೇ ಫಜೀತಿ. ಸಾಗರದ ಹವ್ಯಕರ ಮನೆಯಲ್ಲಿ "ಕೂಸಿಗೆ ಗಂಡು ನೋಡ್ತಾ ಇದ್ಯ" ಅಂದ್ರೆ ಬಾಲ್ಯವಿವಾಹ ಅಂತ ಪೊಲೀಸರಿಗೆ ಫೋನ್ ಮಾಡ್ಬೇಡಿ. ಆ ಕೂಸು ಬೆಂಗಳೂರಲ್ಲಿ ಇಂಜಿನಿಯರ್ ಆಗಿರುತ್ತೆ. ಅವರಲ್ಲಿ ಕೂಸು ಅಂದ್ರೆ ಹುಡುಗಿ, ಮಾಣಿ ಅಂದ್ರೆ ಹುಡುಗ. ಆದ್ದರಿಂದ ಸಾಗರದ ಹೋಟೆಲಿನಲ್ಲಿ ಕಾಫಿ ಬೇಕಾದ್ರೆ ಹಳೇ ಅಭ್ಯಾಸದಂತೆ "ಮಾಣೀ" ಅಂತ ಕೂಗಬೇಡಿ, ಪಕ್ಕದ ಟೇಬಲ್ಲಿನ ಯಾರದ್ದೋ ಮನೆಯ ಮಗ ತಿರುಗಿ ನೋಡ್ತಾನೆ.